ಮುಂಗೈ ಮೇಲಿನ ಯಮನಪ್ಪ

ಮೈಮೇಲೆ ಹಚ್ಚೆ ಇರುವವರಿಗೆ ಇತ್ತೀಚೆಗೆ ಒಂದು ಹೊಸ ತೊಂದರೆ ಶುರುವಾಗಿದೆ. ಮೊದಲೆಲ್ಲ ಜನ ಹಚ್ಚೆಯನ್ನು ನೋಡಿದರೆ ‘ನೋವಾತೇನು?’ ಎಂದು ಕೇಳುತ್ತಿದ್ದರು. ಆಯಿತು ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈಗ ‘ಇದರ ಅರ್ಥ ಏನು?’ ಎಂದು ಕೇಳುತ್ತಾರೆ, ಮತ್ತು ಉತ್ತರ ಬರುವತನಕ ನಿಂತಿರುತ್ತಾರೆ. ನಮ್ಮ ಓಣಿಯ ತರುಣನೊಬ್ಬ ಹೆಗಲ ಮೇಲೆ ಎರಡು ರೆಕ್ಕೆ ಹಾಕಿಸಿಕೊಂಡಿದ್ದಾನೆ. ಅರ್ಥ ಸ್ವಾತಂತ್ರ್ಯವಂತೆ. ಹುನಗುಂದಕ್ಕೆ ಹೋಗಬೇಕಾದರೂ ಅಪ್ಪನನ್ನು ಕೇಳಿಯೇ ಬಸ್ಸು ಹತ್ತುತ್ತಾನೆ, ಆದರೂ ಕೇಳಿದವರಿಗೆ ಹೇಳಲು ಅವನ ಬಳಿ ಒಂದು ಉತ್ತರವಂತೂ ಇದೆ. ನನ್ನ ಮೈಮೇಲೆ ಐದು ಹಚ್ಚೆಗಳಿವೆ. ಅವುಗಳಲ್ಲಿ ಒಂದರ ಅರ್ಥವೂ ನನ್ನದಲ್ಲ. ಎಲ್ಲ ಬೇರೆಯವರ ನಂಬಿಕೆ, ಬೇರೆಯವರ ಇಷ್ಟ, ಇಲ್ಲವೆ ಬೇರೆಯವರ ಹೆಸರು. ನಾನು ಜಾಗ ಕೊಟ್ಟವನು ಅಷ್ಟೇ.

ಇದನ್ನು ಮುಚ್ಚಿಕೊಂಡಾದರೂ ಇರೋಣವೆಂದರೆ ನನ್ನ ಉದ್ಯೋಗ ಅದಕ್ಕೆ ಅನುಕೂಲವಾಗಿಲ್ಲ. ಇಳಕಲ್ಲಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂಡಿಸಿ, ಕಿವಿಯ ಹಿಂದೆ ಕಡ್ಡಿ ಸರಿಮಾಡುವಾಗ ನನ್ನ ಮುಂಗೈ ಅವರ ಕಣ್ಣಿನಿಂದ ಒಂದು ಗೇಣು ದೂರದಲ್ಲಿರುತ್ತದೆ. ಗೋಡೆಯ ಮೇಲೆ ಅಕ್ಷರದ ಫಲಕ ತೂಗುಹಾಕಿದ್ದೇನೆ, ಬೆಳಕು ಹಾಕಿಸಿದ್ದೇನೆ. ಅದನ್ನು ಯಾರೂ ಓದುವುದಿಲ್ಲ. ಹೊಸ ಕನ್ನಡಕ ಬಂದ ತಕ್ಷಣ ಎಲ್ಲರೂ ಓದುವುದು ನನ್ನ ಕೈಯನ್ನು. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಯಮನಪ್ಪ’ ಎಂದಿದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮುದುಕಿಯರು ಎಷ್ಟೋ ತಿಂಗಳ ಮಬ್ಬಿನ ಬಳಿಕ ಮೊದಲು ಓದುವ ಹೆಸರು ಇದು. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬ ಯಮನಪ್ಪ ಇರುವುದರಿಂದ ಯಾರೂ ಗಾಬರಿಯಾಗುವುದಿಲ್ಲ. ‘ಭಾಳ ಚೊಲೋ ಕಾಣಾಕತೈತಿ ಯಮನಪ್ಪಾ’ ಎಂದು ಹರಸಿ ಹೋಗುತ್ತಾರೆ. ನನ್ನ ಹೆಸರು ಬೀರಪ್ಪ. ಅಂಗಡಿಯ ಬೋರ್ಡಿನ ಮೇಲೂ ಹಾಗೆಯೇ ಬರೆಸಿದ್ದೇನೆ. ಬೋರ್ಡು ಎತ್ತರದಲ್ಲಿದೆ, ಮತ್ತು ನನ್ನಲ್ಲಿಗೆ ಬರುವವರಿಗೆ ದೂರದ್ದು ಕಾಣುವುದಿಲ್ಲ.

ಉಳಿದ ನಾಲ್ಕನ್ನೂ ಹೇಳಿಬಿಡುತ್ತೇನೆ. ಬಲಗೈ ಮಣಿಕಟ್ಟಿನ ಮೇಲೆ ಮೂರು ಚುಕ್ಕೆಗಳಿವೆ. ಬೇವಿನ ಗಿಡದಿಂದ ಬಿದ್ದು ಕೈ ಉಳುಕಿದಾಗ ನಮ್ಮ ಅಜ್ಜಿ ಚುಚ್ಚಿಸಿದ್ದು. ಹಚ್ಚೆ ಹಾಕಿಸಿದರೆ ಉಳುಕು ಬಿಡುತ್ತದೆಂದು ಅವಳ ನಂಬಿಕೆ. ಸೂಜಿಯ ನೋವಿನಲ್ಲಿ ನನಗೆ ಉಳುಕಿನ ನೆನಪು ಹೋಯಿತು, ಅಜ್ಜಿ ಅದನ್ನೇ ಗುಣವೆಂದು ಎಣಿಸಿದಳು. ಎಡಗಾಲಿನ ಮೀನಖಂಡದ ಮೇಲೆ ಒಂದು ಚೇಳಿದೆ. ಚಿಕ್ಕಂದಿನಲ್ಲಿ ಅಲ್ಲಿ ಚೇಳು ಕಡಿದಿತ್ತು. ಮುಂದೆ ಇನ್ನೊಂದು ಚೇಳು ಬಂದರೆ ಅಲ್ಲಿ ಆಗಲೇ ತನ್ನವರು ಒಬ್ಬರು ಇದ್ದಾರೆಂದು ತಿಳಿದು ಹೊರಟುಹೋಗಲಿ ಎಂಬುದು ಅಜ್ಜಿಯ ವಿಚಾರ. ಆಮೇಲೆ ನನಗೆ ಎರಡು ಸಲ ಚೇಳು ಕಡಿಯಿತು, ಎರಡೂ ಸಲ ಬಲಗಾಲಿಗೆ. ಅಜ್ಜಿ ಇದನ್ನು ತನ್ನ ಗೆಲುವೆಂದೇ ಸಾಯುವತನಕ ಹೇಳಿಕೊಂಡಳು. ಎಡದೋಳಿನ ಮೇಲೆ ನಾನು ಕೇಳಿದ್ದು ಹುಲಿ. ಹಚ್ಚೆ ಹಾಕುವ ಮುದುಕಿ ‘ಹುಲಿ ನಾ ಕಂಡಿಲ್ಲಪಾ, ನವಿಲ ಬರ್ತೈತಿ’ ಎಂದು ನವಿಲನ್ನೇ ಹಾಕಿದಳು. ವಯಸ್ಸಿನ ಜೊತೆ ತೋಳು ದಪ್ಪಗಾಗಿ ಈಗ ಅದು ಮೊಟ್ಟೆಯ ಮೇಲೆ ಕುಳಿತ ಕೋಳಿಯಾಗಿದೆ. ಯಾರಾದರೂ ಅರ್ಥ ಕೇಳಿದರೆ ಶೌರ್ಯ ಎನ್ನುತ್ತೇನೆ.

ನಾಲ್ಕನೆಯದು ಎದೆಯ ಮೇಲಿನ ‘ನೀಲವ್ವ’, ನನ್ನ ಹೆಂಡತಿಯ ಹೆಸರು. ಲಗ್ನವಾದ ಹೊಸದರಲ್ಲಿ ಹಾಕಿಸಿಕೊಂಡು ಬಂದು ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, ‘ಅಂಗಿ ಹಾಕ್ಕೊಂಡ್ರ ಕಾಣೂದಿಲ್ಲಲ್ರಿ’ ಎಂದಳು. ಕಾಣುವ ಜಾಗದಲ್ಲಿ ಯಮನಪ್ಪ ಆಗಲೇ ಕೂತಿದ್ದ. ಈ ಮಾತನ್ನು ನೀಲವ್ವ ನೇರವಾಗಿ ಎಂದೂ ಎತ್ತಿಲ್ಲ. ಆದರೆ ಊಟಕ್ಕೆ ಕೂತಾಗ ಯಮನಪ್ಪನ ಫೋನು ಬಂದರೆ ‘ಮಾತಾಡ್ರಿ, ಕೈಮ್ಯಾಲ ಇರಾವ್ರು’ ಎನ್ನುತ್ತಿದ್ದಳು.

ಯಮನಪ್ಪ ನನ್ನ ಗೆಳೆಯ, ಬಾದಾಮಿಯವನು. ಹುನಗುಂದದ ಹೈಸ್ಕೂಲಿನಲ್ಲಿ ಓದುವಾಗ ಇಬ್ಬರೂ ಒಂದೇ ಹಾಸ್ಟೆಲ್ಲಿನಲ್ಲಿದ್ದೆವು. ನಮ್ಮ ಕಡೆ ಗೆಳೆತನ ಗಟ್ಟಿಯಾಯಿತೆಂದರೆ ಒಬ್ಬರ ಹೆಸರನ್ನು ಇನ್ನೊಬ್ಬರು ಕೈಮೇಲೆ ಹಾಕಿಸಿಕೊಳ್ಳುವುದುಂಟು. ನಾವೂ ಒಂದು ದಿನ ಕ್ಲಾಸು ತಪ್ಪಿಸಿ ಅಮೀನಗಡಕ್ಕೆ ಹೋದೆವು. ಅಲ್ಲಿ ಕುರಿ ಸಂತೆಯ ಹಿಂದೆ ಹಚ್ಚೆ ಹಾಕುವ ಮುದುಕಿ ಕೂರುತ್ತಿದ್ದಳು, ನವಿಲಿನವಳೇ. ಅವಳದೊಂದು ಕರಾರು ಇತ್ತು. ಒಬ್ಬ ಅತ್ತರೆ ಇಬ್ಬರಿಗೂ ಹಾಕುವುದಿಲ್ಲ, ಯಾಕೆಂದರೆ ಒಬ್ಬನ ಕೈ ಖಾಲಿ ಉಳಿದರೆ ಆ ಗೆಳೆತನಕ್ಕೆ ಅರ್ಧವೇ ಆಯಸ್ಸು. ನನ್ನ ಕಣ್ಣಿನಲ್ಲಿ ನೀರು ಬಂದದ್ದು ನಿಜ. ಪಕ್ಕದಲ್ಲಿ ಭಜಿ ಕರಿಯುವ ಒಲೆಯಿತ್ತು, ಹೊಗೆ ನನ್ನ ಕಡೆಗೇ ಬರುತ್ತಿತ್ತು. ಯಮನಪ್ಪ ಮುದುಕಿಗೆ ಕಾಣದ ಹಾಗೆ ಅಡ್ಡ ನಿಂತ. ರಜೆಗೆ ಮನೆಗೆ ಹೋದಾಗ ನಮ್ಮ ಅಜ್ಜಿ ಇಬ್ಬರ ಕೈ ನೋಡಿ ಬೈಯಲಿಲ್ಲ. ಸತ್ತಾಗ ಮೈಮೇಲಿನ ಬಂಗಾರವನ್ನು ಮಕ್ಕಳು ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯನ್ನು ಯಾರೂ ಬಿಚ್ಚಲಾರರು, ಆದ್ದರಿಂದ ಮೇಲೆ ಹೋಗುವಾಗ ನೀವಿಬ್ಬರೂ ಜೋಡಿಯಾಗಿಯೇ ಹೋದ ಹಾಗೆ ಎಂದಳು. ಹದಿನೈದರ ವಯಸ್ಸಿನಲ್ಲಿ ಇದು ಬಹಳ ದೊಡ್ಡ ಮಾತು ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಮುಂದೆ ಅವನು ಗೈಡಾದ. ಬಾದಾಮಿ, ಐಹೊಳೆ ಎಲ್ಲ ಕಡೆಗೂ ಜನರನ್ನು ಕರೆದುಕೊಂಡು ಹೋಗುತ್ತಾನೆ. ಹದಿನೆಂಟು ಕೈಯ ನಟರಾಜನನ್ನು ತನ್ನ ಒಂದೇ ಕೈಯಿಂದ ತೋರಿಸಬೇಕಾದ್ದರಿಂದ ಅವನ ಮುಂಗೈ ಯಾವಾಗಲೂ ಜನರ ಕಣ್ಣ ಮುಂದಿರುತ್ತದೆ. ಹೀಗಾಗಿ ಪ್ರವಾಸ ಬಂದ ಶಾಲೆಗಳ ಮೇಷ್ಟರುಗಳೆಲ್ಲ ಅವನನ್ನು ‘ಬೀರಪ್ಪ’ ಎಂದೇ ಕರೆದರು. ಅವನು ಮೊದಮೊದಲು ತಿದ್ದಿದ, ಆಮೇಲೆ ಬಿಟ್ಟ. ಈಗ ಅವನು ಬೀರಪ್ಪ ಗೈಡು. ಇಂಟರ್‌ನೆಟ್ಟಿನಲ್ಲಿ ಎಲ್ಲೆಲ್ಲಿಯವರೋ ಬೀರಪ್ಪನ ಜ್ಞಾನವನ್ನೂ ತಾಳ್ಮೆಯನ್ನೂ ಹೊಗಳಿ ಬರೆದಿದ್ದಾರೆ. ಅವನ್ನು ನಾನು ಬಿಡುವಿದ್ದಾಗ ಓದುತ್ತೇನೆ, ಸಂತೋಷವಾಗುತ್ತದೆ. ನನ್ನ ಹೆಸರಿಗೆ ನನ್ನಿಂದ ಅಷ್ಟು ಒಳ್ಳೆಯದು ಆಗುತ್ತಿರಲಿಲ್ಲ.

ಇಂಥ ಯಮನಪ್ಪನ ಜೊತೆ ನನಗೆ ಮಾತು ಬಿಟ್ಟುಹೋಯಿತು. ಕಾರಣ ಒಂದು ಧೋತರ. ಮದುವೆಮನೆಯಲ್ಲಿ ಬೇಕಾದವರಿಗೆ ಬಟ್ಟೆ ಕೊಡುವುದನ್ನು ನಮ್ಮ ಕಡೆ ಆಯೇರಿ ಎನ್ನುತ್ತಾರೆ. ಆಯೇರಿಯ ಧೋತರವನ್ನು ಯಾರೂ ಉಡುವುದಿಲ್ಲ, ಉಡುವ ಹಾಗೆ ಅದು ಇರುವುದೂ ಇಲ್ಲ. ಟ್ರಂಕಿನಲ್ಲಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ, ಅವರು ಮತ್ತೊಬ್ಬರಿಗೆ. ಮಡಿಕೆ ಬಿಚ್ಚದೆ ಜಿಲ್ಲೆಯ ಎಲ್ಲ ತಾಲ್ಲೂಕುಗಳನ್ನೂ ನೋಡಿ ಬಂದ ಧೋತರಗಳಿವೆ. ಇದರಲ್ಲಿ ಅವಮಾನವೇನೂ ಇಲ್ಲ. ನಿಯಮ ಒಂದೇ, ಬಂದ ಮನೆಗೆ ವಾಪಸು ಹೋಗಬಾರದು. ಯಾವುದು ಯಾರ ಮನೆಯದು ಎಂಬುದು ಹೆಂಗಸರ ತಲೆಯಲ್ಲಿರುತ್ತದೆ. ಯಮನಪ್ಪನ ಮಗಳ ಮದುವೆಯ ಹೊತ್ತಿಗೆ ನೀಲವ್ವ ತಂಗಿಯ ಬಾಣಂತನ ಮಾಡಲು ತವರುಮನೆಗೆ ಹೋಗಿದ್ದಳು. ನಾನೇ ಟ್ರಂಕು ತೆರೆದು, ಎಲ್ಲಕ್ಕಿಂತ ಚೆನ್ನಾಗಿ ಕಂಡ ಧೋತರವನ್ನು ಆರಿಸಿಕೊಂಡು ಹೋದೆ. ಅದು ಚೆನ್ನಾಗಿಯೇ ಇತ್ತು. ನಮ್ಮ ಮನೆಯ ವಾಸ್ತುಶಾಂತಿಗೆ ಯಮನಪ್ಪ ತಂದುಕೊಟ್ಟದ್ದು.

ಅಂಚಿನಲ್ಲಿ ಅವನ ಹೆಂಡತಿಯ ಅರಿಶಿನದ ಹೆಬ್ಬೆರಳಿನ ಗುರುತಿತ್ತು. ಯಮನಪ್ಪ ಅದನ್ನು ತಿರುವಿ ನೋಡಿ ಬೀಗರ ಎದುರಿಗೇ, ‘ಲೇ ಬೀರಪ್ಪಾ, ಇದು ದಾರಿ ಕೇಳ್ಕೊಂತ ತಾನ ಮನೀಗೆ ಬಂತೇನಲೇ?’ ಎಂದ. ಜನ ನಕ್ಕರು. ನಾನೂ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಧೋತರದ ಇನ್ನೊಂದು ತುದಿಯಲ್ಲಿ ಬೇರೆ ಯಾರದೋ ಮನೆಯ ಕುಂಕುಮದ ಕಲೆಯೂ ಇತ್ತು. ಅದನ್ನು ಎತ್ತಿ ಹಿಡಿದು, ‘ನೀ ಕೊಟ್ಟದ್ದು ಯಾರ ಕೊಟ್ಟದ್ದಲೇ?’ ಎಂದೆ. ಈ ಸಲ ಜನ ನಗಲಿಲ್ಲ, ಬೀಗರೂ ನಗಲಿಲ್ಲ. ನಾನು ಊಟ ಮಾಡದೆ ಬಂದೆ. ಹೋಳಿಗೆ ಇತ್ತು. ಅಂದಿನಿಂದ ಅವನು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಬಾಣಂತನ ಮುಗಿಸಿ ಬಂದ ನೀಲವ್ವ ಸಂಗತಿ ಕೇಳಿ, ‘ಟ್ರಂಕ್ ಯಾಕ ಮುಟ್ಟಿದ್ರಿ?’ ಎಂದಳು. ಯಾರ ಪಕ್ಷ ಎಂಬುದನ್ನು ಹೇಳಲೇ ಇಲ್ಲ.

ಹೀಗೆ ವರ್ಷದ ಮೇಲಾಯಿತು. ಒಂದು ದಿನ ಅಮೀನಗಡದಲ್ಲಿ ಕರದಂಟಿನ ಅಂಗಡಿ ಇಟ್ಟಿರುವ ಸಂಗಪ್ಪ, ನಮ್ಮಿಬ್ಬರನ್ನೂ ಬಲ್ಲವನು, ಕನ್ನಡಕದ ಗಾಜು ಬದಲಿಸಲು ಬಂದ. ಹೊಸ ಗಾಜಿನಲ್ಲಿ ನನ್ನ ಕೈಯನ್ನು ಓದಿ ಗಂಟಲು ಸರಿಮಾಡಿಕೊಂಡ.

‘ನೀ ಇನ್ನೂ ಇಟ್ಕೊಂಡಿ ಅವನ ಹೆಸರ. ಅಂವಾ ಬಾಗಲಕೋಟಿಯೊಳಗ ಟ್ಯಾಟೂ ಅಂಗಡ್ಯಾಗ ನಿಂತಿದ್ದ. ಕೈ ತೋರಿಸಿ ಏನೋ ಕೇಳಾಕತ್ತಿದ್ದ. ಸೋಮವಾರ ಹನ್ನೊಂದಕ್ಕ ಬಾ ಅಂದ್ಲು ಆ ಹುಡುಗಿ. ಅಳಸಾಕ ಇರಬೇಕಪಾ, ಈಗ ಮಷೀನ ಬಂದಾವಲ್ಲ.’

ನಾನು ಅವನ ಕನ್ನಡಕದ ಸ್ಕ್ರೂ ಬಿಗಿಮಾಡುತ್ತ, ‘ಅಳಸಲಿ, ಅವನ ಕೈ, ಅವನ ರೊಕ್ಕ’ ಎಂದೆ. ಸ್ಕ್ರೂ ಮುರಿಯಿತು. ರಾತ್ರಿ ಊಟ ಸೇರಲಿಲ್ಲ. ನನಗೆ ಸಿಟ್ಟು ಬಂದಿತ್ತೆಂದು ನಾನು ತಿಳಿದಿದ್ದೆ, ಮಲಗಿದ ಮೇಲೆ ಅದು ಹೆದರಿಕೆ ಎಂದು ಗೊತ್ತಾಯಿತು. ಮಾತು ಬಿಟ್ಟಿದ್ದರೂ ಬಾದಾಮಿಯಲ್ಲಿ ಒಬ್ಬನ ಕೈಮೇಲೆ ನಾನು ಇದ್ದೇನೆ ಎಂಬ ಒಂದು ಧೈರ್ಯದಲ್ಲಿ ಇಷ್ಟು ದಿನ ಜಗಳ ನಡೆಸಿದ್ದೆ. ನೀಲವ್ವ ಕತ್ತಲೆಯಲ್ಲೇ, ‘ಹೋಗಿ ಮಾತಾಡಿ ಬರ್ರಿ’ ಎಂದಳು. ‘ನಾ ಯಾಕ ಮಾತಾಡ್ಲಿ, ಬಾಗಲಕೋಟಿಗೆ ಫ್ರೇಮ್ ತರಾಕ ಹೊಂಟೇನಿ’ ಎಂದೆ. ಫ್ರೇಮಿನ ಪೆಟ್ಟಿಗೆ ಹೋದ ವಾರವಷ್ಟೇ ಬಂದಿತ್ತು, ಅವಳೇ ಸಹಿ ಮಾಡಿ ಇಳಿಸಿಕೊಂಡಿದ್ದಳು. 

ಸೋಮವಾರ ಹತ್ತಕ್ಕೇ ನಾನು ಬಾಗಲಕೋಟೆ ನವನಗರದ ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಅವನು ಬರುವ ಮೊದಲೇ ಹೋಗಿ ಏನು ಮಾಡುವುದೆಂದು ಯೋಚಿಸಿರಲಿಲ್ಲ. ಅಂಗಡಿ ನಡೆಸುವವಳು ಸ್ನೇಹಾ ಎಂಬ ತರುಣಿ. ಅವಳ ಎರಡೂ ಕೈತುಂಬ ಹಚ್ಚೆ. ನಾನು ನೋಡುವುದನ್ನು ಕಂಡು ಒಂದೊಂದರ ಅರ್ಥವನ್ನೂ ಹೇಳಿದಳು. ಬೆಕ್ಕಿನ ಪಾದ ಸತ್ತುಹೋದ ಬೆಕ್ಕಿನದು, ಅಲೆಗಳು ಅವಳು ಇನ್ನೂ ನೋಡದ ಸಮುದ್ರದ್ದು, ಒಂದು ಸಣ್ಣ ಬೀಗದಕೈ ಅವ್ವ ಕೊಡಿಸಿದ ಮೊದಲ ಸೈಕಲ್ಲಿನದು. ಎಲ್ಲದಕ್ಕೂ ಸ್ವಂತದ ಅರ್ಥವಿತ್ತು. ಆಮೇಲೆ ನನ್ನ ಸರದಿ ಬಂತು.

‘ಅಂಕಲ್, ಈ ಮೂರು ಡಾಟ್ ಏನ್ರಿ?’

‘ಉಳುಕು.’

‘ಆ ಕೋಳಿ?’

‘ಹುಲಿ ಅದು’ ಎಂದೆ.

ಅವಳು ಸಭ್ಯಳು, ತಲೆಯಾಡಿಸಿದಳು. ‘ಈ ಯಮನಪ್ಪ ಅಂದ್ರ ನೀವೇನ್ರಿ?’ ಎಂದು ಕೇಳಿದಳು. ಅಲ್ಲ ಎಂದೆ. ‘ಮತ್ತ ತೆಗಸಾಕ ಬಂದೀರೇನ್ರಿ?’ ಎಂದಳು. ಗೋಡೆಯ ಗಡಿಯಾರ ನೋಡಿದೆ. ಹನ್ನೊಂದಕ್ಕೆ ಯಮನಪ್ಪ ಬಂದು ಈ ಕುರ್ಚಿಯಲ್ಲಿ ಕೂತು ನನ್ನನ್ನು ಅಳಿಸಿಕೊಂಡು ಹೋಗುತ್ತಾನೆ, ಮುಂದೆ ಊರಲ್ಲೆಲ್ಲ ತಾನೇ ಮೊದಲು ಅಳಿಸಿದೆನೆಂದು ಹೇಳುತ್ತಾನೆ, ನಾನು ಮಾತ್ರ ಅವನ ಹೆಸರನ್ನು ಹೊತ್ತುಕೊಂಡು ಗಿರಾಕಿಗಳಿಗೆ ಓದಿಸುತ್ತ ಕೂತಿರಬೇಕು. ಇಷ್ಟನ್ನು ಯೋಚಿಸುವುದಕ್ಕೆ ಬೇಕಾದ ಸಮಯದಲ್ಲಿ ನನ್ನ ಬಾಯಿ ‘ಹೌದು’ ಎಂದುಬಿಟ್ಟಿತ್ತು.

ಅವಳು ನನಗೊಂದು ಕಪ್ಪು ಕನ್ನಡಕ ಹಾಕಿದಳು. ನನ್ನ ಕಸುಬಿನವನಾಗಿ ಹೇಳುತ್ತೇನೆ, ಅದರ ಮೂಗಿನ ಮೇಲಿನ ಹಿಡಿತ ಸರಿಯಿರಲಿಲ್ಲ. ಮರಗಟ್ಟಿಸುವ ಮುಲಾಮು ಹಚ್ಚಿ ಅರ್ಧ ತಾಸು ಕಾಯಬೇಕೆಂದಳು, ಹೊತ್ತಿಲ್ಲ, ಹಾಗೇ ಮಾಡು ಎಂದೆ. ಯಂತ್ರ ಚಟಚಟ ಎಂದಿತು. ಬಾಣಲೆಯ ಎಣ್ಣೆ ಸಿಡಿದ ಹಾಗೆ ಉರಿ. ಮೊದಲನೆಯ ಅಕ್ಷರ ಬೆಳ್ಳಗೆ ಉಬ್ಬಿ ಬಂತು, ಎರಡನೆಯದೂ ಬಂತು. ‘ಈಗ ಬೆಳ್ಳಗ ಕಾಣ್ತೈತ್ರಿ, ಮುಂದ ತಿಂಗಳೊಪ್ಪತ್ತಿನಾಗ ಮಾಸ್ಕೊಂತ ಹೋಗ್ತೈತಿ’ ಎಂದು ಅವಳು ಸಮಾಧಾನ ಹೇಳುತ್ತಿದ್ದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಯಮನಪ್ಪ ಒಳಗೆ ಬಂದ. ಕಪ್ಪು ಕನ್ನಡಕದಲ್ಲಿ ನನ್ನ ಗುರುತು ಹತ್ತಲಿಲ್ಲ. ಅಂಗಿಯ ತೋಳು ಮಡಚಿ ಕೈಯನ್ನು ಅವಳ ಮುಂದೆ ಚಾಚಿ, ‘ತಂಗಿ, ಹೋದ ವಾರ ಕೇಳಿ ಹೋಗಿದ್ನೆಲ್ಲ. ಬಿಸಲಾಗ ನಿಂತು ನಿಂತು ಹೆಸರು ಭಾಳ ಮಾಸೇತಿ. ಮಂದಿಗಿ ಓದಾಕ ಬರವಲ್ದು. ಇದನ್ನ ಮತ್ತ ಕರ್ರಗ ಮಾಡಿಕೊಡು’ ಎಂದ.

‘ಬೀರಪ್ಪ ಅಂತ ಐತಲ್ರಿ. ನಿಮ್ಮ ಹೆಸರೇನ್ರಿ?’

‘ಬೀರಪ್ಪ ಗೆಳ್ಯಾನ ಹೆಸರು. ನಾ ಯಮನಪ್ಪ.’

ಸ್ನೇಹಾ ಅವನ ಮುಖ ನೋಡಿದಳು, ಆಮೇಲೆ ತಾನು ಸುಡುತ್ತಿದ್ದ ನನ್ನ ಕೈ ನೋಡಿದಳು. ನನ್ನ ಕಿವಿಯ ಹತ್ತಿರ ಬಗ್ಗಿ, ‘ಅಂಕಲ್, ಮಷೀನ ಬಂದ್ ಮಾಡ್ಲೇನ್ರಿ?’ ಎಂದು ಮೆತ್ತಗೆ ಕೇಳಿದಳು. ನಾನು ತಲೆಯಾಡಿಸಿದೆ. ಯಂತ್ರ ನಿಂತ ಮೇಲೂ ನಾನು ಕಪ್ಪು ಕನ್ನಡಕ ತೆಗೆಯಲಿಲ್ಲ. ಅವಳು ತೆಗೆಯಲು ಹೇಳಿದಳು, ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದೆ. ದನಿಯಿಂದ ಯಮನಪ್ಪನಿಗೆ ಗೊತ್ತಾಯಿತು. ಹತ್ತಿರ ಬಂದು ನನ್ನ ಕೈ ಎತ್ತಿ ಹಿಡಿದು ನೋಡಿದ.  ಅವನು ಮುಖ ಒಡೆದ ವಿಗ್ರಹಗಳ ಮುಂದೆ ನಿಂತು ಪ್ರವಾಸಿಗರಿಗೆ ಹೇಳುವ ದನಿಯೊಂದಿದೆ, ಏರಿಲ್ಲ, ಇಳಿವಿಲ್ಲ. ಅದೇ ದನಿಯಲ್ಲಿ ಸ್ನೇಹಾಳಿಗೆ ವಿವರಿಸಿದ.

‘ಇಲ್ಲಿ ಮೊದಲು ಪೂರಾ ಹೆಸರಿತ್ತು ನೋಡ ತಂಗಿ. ಹೊರಗಿನಾವ್ರು ಬಂದು ಒಡದದ್ದಲ್ಲ ಇದು. ಮನ್ಯಾವ್ರ ಒಡದದ್ದು.’

‘ನೀ ಅಳಸಾಕತ್ತಿ ಅಂತ ಸಂಗಪ್ಪ ಹೇಳಿದ’ ಎಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ‘ತಂಗಿ, ಅವಗ ಕೇಳು, ಸಂಗಪ್ಪ ಬಾವ್ಯಾಗ ಬೀಳು ಅಂದ್ರ ಬೀಳ್ತಾನೇನಂತ.’

ಸ್ನೇಹಾ ನನ್ನನ್ನು ಕೇಳಿದಳು. ಪಾಪ, ಅವಳಿಗೆ ಇದೂ ಕೆಲಸದ ಭಾಗ ಇರಬೇಕೆನ್ನಿಸಿತ್ತು. ‘ವರ್ಷಾ ಆತು ಮಾತಾಡಿಲ್ಲ, ನಾ ಏನಂತ ತಿಳೀಲಿ, ಅವಗ ಕೇಳು’ ಎಂದೆ. ಅವಳು ಅತ್ತ ತಿರುಗುವ ಮೊದಲೇ ಯಮನಪ್ಪ, ‘ಜಗಳಾ ಆಡಿದ್ದು ಧೋತರದ ಮ್ಯಾಲ. ಕೈ ಏನು ಮಾಡಿತ್ತು?’ ಎಂದ.  ಅಳಿಸಿದ್ದನ್ನು ಈಗಲೇ ಮತ್ತೆ ಬರೆದುಬಿಡು, ದುಪ್ಪಟ್ಟು ಕೊಡುತ್ತೇನೆ ಎಂದು ಸ್ನೇಹಾಳನ್ನು ಬೇಡಿಕೊಂಡೆ. ಗಾಯ ಪೂರ್ತಿ ಮಾಯ್ದು ಕೆಲವು ತಿಂಗಳು ಕಳೆಯುವ ತನಕ ಸೂಜಿ ಮುಟ್ಟಿಸುವ ಹಾಗಿಲ್ಲ ಎಂದಳು. ಯಮನಪ್ಪ ನನ್ನ ಕುರ್ಚಿಯಲ್ಲಿ ಕೂತು ಕೈ ಚಾಚಿದ. ಅವನ ಕೈಮೇಲೆ ನನ್ನ ಹೆಸರು ಒಂದೊಂದೇ ಅಕ್ಷರ ಕಪ್ಪಾಗುತ್ತ ಬಂತು. ನಾನು ಸ್ಟೂಲಿನ ಮೇಲೆ ಕೂತು, ಅರ್ಧ ಸುಟ್ಟ ಅವನ ಹೆಸರನ್ನು ಊದಿಕೊಳ್ಳುತ್ತ ನೋಡಿದೆ. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಇಬ್ಬರೂ ನಡೆದು ಹೋದೆವು. ಅವನದು ಬಾದಾಮಿ ಬಸ್ಸು, ನನ್ನದು ಇಳಕಲ್ಲಿನದು. ಬಾದಾಮಿಯದು ಮೊದಲು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದ.

‘ಉರೀತೈತೇನಲೇ?’

‘ಇಲ್ಲ’ ಎಂದೆ. ಮೊಣಕೈ ತನಕ ಉರಿಯುತ್ತಿತ್ತು.

‘ಉರೀಬೇಕು’ ಎಂದು ಹೇಳಿ ಹತ್ತಿಹೋದ.

ಮರುದಿನ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಅವನ ಫೋನು ಬಂತು. ಹೇಗಿದ್ದೀ ಎನ್ನಲಿಲ್ಲ, ಮನೆಯಲ್ಲಿ ಎಲ್ಲರೂ ಆರಾಮೇ ಎನ್ನಲಿಲ್ಲ. ‘ಉರೀತೈತೇನು?’ ಎಂದಷ್ಟೇ ಕೇಳಿದ. ಈ ಸಲ ಹೌದು ಎಂದೆ. ‘ಉರೀಲಿ’ ಎಂದು ಇಟ್ಟ. ಅದರ ಮರುದಿನವೂ ಬಂತು, ಆಮೇಲೆ ದಿನಾ ಬರತೊಡಗಿತು. ಕೊಬ್ಬರಿ ಎಣ್ಣೆ ಹಚ್ಚಿದಿಯೋ ಇಲ್ಲವೋ, ಉದ್ದ ತೋಳಿನ ಅಂಗಿ ಯಾಕೆ ಹಾಕಿದೆ ಎಂದು ಬೈಯುತ್ತಾನೆ. ಬೈಯುತ್ತ ಬೈಯುತ್ತ ಮಗಳು ಬಸುರಿ ಎಂಬ ಸುದ್ದಿ, ಐಹೊಳೆಯಲ್ಲಿ ಯಾರೋ ಒಬ್ಬ ಮೇಷ್ಟರು ಬಿಸಿಲಿಗೆ ತಲೆತಿರುಗಿ ಬಿದ್ದ ಸುದ್ದಿ ಎಲ್ಲ ಹೇಳುತ್ತಾನೆ. ಕೊನೆಗೆ ‘ಪೂರಾ ಮಾಯೂತನಕ ಅಷ್ಟ ಕೇಳ್ತೇನಿ, ಆಮ್ಯಾಲ ನಿನ್ನ ದಾರಿ ನಿನಗ’ ಎನ್ನುತ್ತಾನೆ. ನಾನು ಹೂಂ ಎನ್ನುತ್ತೇನೆ. ಗಾಯ ಮಾಯ್ದು ಬಹಳ ದಿನವಾಯಿತು, ಚರ್ಮ ಎಳೆಗೂಸಿನದರ ಹಾಗೆ ನುಣ್ಣಗಿದೆ. ನಿಮ್ಮಲ್ಲಿ ಯಾರಾದರೂ ಬಾದಾಮಿ ನೋಡಲು ಹೋದರೆ ಅಲ್ಲಿ ಬೀರಪ್ಪ ಗೈಡು ಸಿಗುತ್ತಾನೆ, ಒಳ್ಳೆಯ ಮನುಷ್ಯ. ನನ್ನ ಕೈಯ ವಿಷಯ ಬಂದರೆ, ಇನ್ನೂ ಉರಿಯುತ್ತಿದೆಯಂತೆ ಎಂದು ಹೇಳಿ.